ಎರಡನೆಯ ಕವಚ

ಮಂತ್ರದಳದ ಉಗ್ರಾಣದ ಮುಂದೆ ಕಾಶವ್ವ ಮಗಳು ದ್ರಾಕ್ಷಾಯಣಿಯ ಕೈ ಹಿಡಿದು ನಿಂತಿದ್ದಳು. ಸಿಪಾಯಿಗಳಿಗೆಲ್ಲ ಉಕ್ಕಿನ ಕವಚ ಸಿಕ್ಕಿತ್ತು. ಅವರ ಹಿಂದೆ ನಿಂತು ಮಂತ್ರದಿಂದ ಬೆಂಕಿ ಎಸೆಯಬೇಕಾದ ದ್ರಾಕ್ಷಾಯಣಿಗೆ ಸಿಕ್ಕಿದ್ದು ನೂಲಿನ ಸೀರೆ ಮಾತ್ರ. ಹೋದ ತಿಂಗಳು ಪಕ್ಕದ ಓಣಿಯ ಹುಡುಗಿಯೊಬ್ಬಳು ಅಂಥದೇ ಸೀರೆಯಲ್ಲಿ ಬಾಣ ತಗುಲಿ ಸತ್ತಿದ್ದಳು.

"ನಿನ್ನ ಮಗಳಿಗೆ ಕವಚ ಆಗ್ಲೇ ಕೊಟ್ಟೇವಲ್ಲವ್ವ," ಎಂದು ಉಗ್ರಾಣದ ಅಧಿಕಾರಿ ಹಾವನೂರ ಅಂಗೈಯಗಲದ ಸ್ತೋತ್ರದ ಪುಸ್ತಕ ತೋರಿಸಿದ. ಅದರ ಹೊದಿಕೆಯ ಮೇಲೆ 'ಕವಚ' ಎಂದೇ ಅಚ್ಚಾಗಿತ್ತು.

"ಇದನ್ನ ಓದಿದ್ರ ಬಾಣ ನಿಂದರತಾವೇನ್ರಿ? ಹಂಗಾದ್ರ ಸಿಪಾಯಿಗಳಿಗೂ ಇದನ್ನ ಕೊಡ್ರಿ."

ಸಾಲಿನಲ್ಲಿದ್ದ ಸಿಪಾಯಿಗಳು ನಕ್ಕರು. ಹಾವನೂರನಿಗೆ ಸಿಟ್ಟು ಬಂತು. "ಕಬ್ಬಿಣ ಮೈಗೆ ತಾಗಿದ್ರ ಮಂತ್ರ ಸಾಯ್ತೈತಿ. ಬೇಕಂದ್ರ ನೀನ ನೋಡು," ಎಂದು ಉಕ್ಕಿನ ಕವಚವೊಂದನ್ನು ಅವಳ ಮುಂದೆ ಎಸೆದ.

ಕಾಶವ್ವ ಅದನ್ನು ಮಗಳಿಗೆ ತೊಡಿಸಿ, ಒಳಗೆ ಸಿಕ್ಕ ಜಡೆಯನ್ನು ಮೆಲ್ಲಗೆ ಹೊರಗೆಳೆದು, ಪಟ್ಟಿ ಬಿಗಿದಳು. ದ್ರಾಕ್ಷಾಯಣಿ ಬೆರಳು ಮಡಿಸಿ ಮಂತ್ರ ಹೇಳಿದಳು. ಅಂಗಳದಾಚೆಯ ಒಣ ಬೇಲಿ ಭಗ್ಗನೆ ಹೊತ್ತಿಕೊಂಡಿತು.

"ನೋಡಿದ್ರೇನ್ರಿ?" ಕಾಶವ್ವನ ಮುಖ ಅರಳಿತು. "ಇನ್ನ ನನ್ನ ಮಗಳು ಇದನ್ನ ಬಿಚ್ಚಂಗಿಲ್ಲ."

"ಬಿಚ್ಚೂದ ಬ್ಯಾಡ," ಎಂದ ಹಾವನೂರ, ಯುದ್ಧದಲ್ಲಿ ಯಾರು ಯಾರ ಹಿಂದೆ ನಿಲ್ಲಬೇಕೆಂದು ಗೋಡೆಯ ಮೇಲೆ ಬರೆದಿದ್ದ ಪಟ್ಟಿಯ ಕೊನೆಯಲ್ಲಿದ್ದ ದ್ರಾಕ್ಷಾಯಣಿಯ ಹೆಸರನ್ನು ಒರೆಸಿ ಎಲ್ಲಕ್ಕಿಂತ ಮೇಲೆ ಬರೆದ. "ಕವಚ ಇಲ್ಲದವರನ್ನಷ್ಟ ನಾವು ಹಿಂದ ನಿಲ್ಲಸೂದು. ನಾಳಿಂದ ಈಕಿ ಎಲ್ಲಾರಕಿಂತ ಮುಂದ."

"ಹಂಗಾದ್ರ ಬ್ಯಾಡ್ರಿ. ತಿರುಗಿ ತಗೋರಿ," ಎಂದಳು ಕಾಶವ್ವ.

ಅವನು ಆಗಲೇ ಮುಂದಿನವರನ್ನು ಕರೆಯುತ್ತಿದ್ದ.