ಎರಡು ಕಾಲಿನ ದಂಡ

ಗಿರಾಕಿ ಇಲ್ಲದ ಹೊತ್ತು ನೋಡಿ ಪ್ರಮಿಳಾ ಸೀರೆಯ ಗಂಟಿನ ಮೇಲೆ ಕುಳಿತುಬಿಟ್ಟಳು. ಬೆಳಗಾವಿಯ ಆ ಅಂಗಡಿಯಲ್ಲಿ ಗಿರಾಕಿಗೆ ಸ್ಟೂಲು, ಮಾಲೀಕ ಮಧುಕರನಿಗೆ ಚಕ್ರದ ಕುರ್ಚಿ. ಸೀರೆ ತೋರಿಸುವ ಹೆಣ್ಣುಮಕ್ಕಳು ಕೂರುವಂತಿಲ್ಲ.

"ಏನಾತು?" ಮಧುಕರ ಮೊಬೈಲಿನಿಂದ ಕಣ್ಣು ಕೀಳದೆ ಕೇಳಿದ.

"ನಡಾ ಹಿಡದೈತ್ರಿ. ನೆಹರು ನಗರದ ಡಾಕ್ಟರ್‌ಗೆ ತೋರ್ಸಿದ್ನಿ. ನಾಕು ಕಾಲಿಗೆ ಅಂತ ಇದ್ದ ಬೆನ್ನು, ಎರಡ ಕಾಲ ಮ್ಯಾಲೆ ಎದ್ದು ನಿಂತದ್ದಕ್ಕ ಕೊಡೂ ದಂಡ ಇದು, ನಡುನಡುವ ಕುಂದರು ಅಂದ್ರು."

ಮಧುಕರ ಬಿ.ಎಸ್‌ಸಿ. ಓದಿದವನು. ಓದಿದ್ದನ್ನು ಖರ್ಚು ಮಾಡುವ ಅವಕಾಶ ಅಂಗಡಿಯಲ್ಲಿ ಅಪರೂಪ. "ಡಾಕ್ಟರ್ ಅರ್ಧಾನ ಹೇಳ್ಯಾರ. ಎದ್ದು ನಿಂತದ್ದಕ್ಕ ಕೈ ಖುಲ್ಲಾ ಆದವು, ಕೈ ಖುಲ್ಲಾ ಆದದ್ದಕ್ಕ ಮನುಷ್ಯಾ ಆದ. ಇಲ್ಲಾಂದ್ರ ನೀ ಇನ್ನೂ ಖಾನಾಪುರ ಅಡವ್ಯಾಗ ಮಂಗ್ಯಾನಂಗ ಕುಂತಿರತಿದ್ದಿ."

ಉಳಿದ ಇಬ್ಬರು ಹುಡುಗಿಯರು ನಕ್ಕರು. ನಗದೆ ಹೇಗೆ?

"ಮಂಗ್ಯಾಗ ನಡಾ ನೋಯೂದಿಲ್ಲಲ್ರಿ."

"ಏಳತೀಯೋ, ನಾಳಿಂದ ಮನ್ಯಾಗ ಇರತೀಯೋ?"

ಮನೆ ನಡೆಯುತ್ತಿದ್ದದ್ದೇ ಈ ಸಂಬಳದಿಂದ. ಖಾನಾಪುರದಿಂದ ಬಸ್ಸಿನಲ್ಲೂ ನಿಂತೇ ಬರುವವಳು ಪ್ರಮಿಳಾ. ಏಳಲೆಂದು ಕೈ ಊರಿದಳು. ಸೊಂಟ ಒಲ್ಲೆನೆಂದಿತು. ಅದರ ಹಿಂದೆಯೇ ಅವಳೂ ಒಲ್ಲೆನೆಂದಳು. "ಏಳೂದಿಲ್ರಿ."

ಅಷ್ಟರಲ್ಲಿ ಮೊಮ್ಮಗಳ ಮದುವೆಯ ಜವಳಿಗೆಂದು ಶಿವಬಸವ ನಗರದ ಶಾಂತಮ್ಮ ಒಳಗೆ ಬಂದರು. ಮಧುಕರ ಕುರ್ಚಿ ಬಿಟ್ಟು ಓಡಿ ಬಂದ. "ಬರ್ರಿ ಕಾಕು, ಸ್ಟೂಲ್ ಮ್ಯಾಲೆ ಕುಂದರ್ರಿ."

ಪ್ರಮಿಳಾ ಗಂಟಿನಿಂದ ನೆಲಕ್ಕೆ ಜಾರಿ ಇಳಕಲ್ ಸೀರೆಯೊಂದನ್ನು ಬಿಡಿಸಿ ಹರಡಿದಳು. "ಇಲ್ಲೇ ತೋರಸ್ತೀನ್ರಿ ಅಮ್ಮಾರ. ನಡಾ ಹಿಡದೈತಿ, ನಿಲ್ಲಾಕ ಆಗವಲ್ದು."

ಶಾಂತಮ್ಮ ಅವಳನ್ನು ನೋಡಿದರು, ಸ್ಟೂಲನ್ನು ನೋಡಿದರು. "ನಿಮ್ಮಪ್ಪ ಗಾದಿ ಹಾಸಿ ಹಿಂಗ ತೋರಸ್ತಿದ್ರಪಾ ಮಧು. ಈ ಸ್ಟೂಲ್ ಮ್ಯಾಲೆ ಕುಂತ್ರ ಕಟಿಂಗ್ ಮಾಡಿಸ್ಕೊಳಾಕ ಬಂದಂಗ ಆಗತೈತಿ," ಎಂದು ಸೆರಗು ಸಾವರಿಸಿ ಅವಳ ಬಾಜು ಕುಳಿತೇಬಿಟ್ಟರು. ಸೀರೆಯ ತುದಿ ಹಿಡಿಯಲು ಬಗ್ಗಿದ ಹುಡುಗಿಯರಿಬ್ಬರೂ ಹಾಗೆಯೇ ಕುಳಿತರು, ಮತ್ತೆ ಏಳಲಿಲ್ಲ.

ಒಂದರ ಮೇಲೊಂದು ಸೀರೆ ಬಿಚ್ಚಿಕೊಂಡವು. ಕುರ್ಚಿಗೆ ಮರಳುವ ದಾರಿ ಮುಚ್ಚಿಹೋಯಿತು. ಇಡೀ ಅಂಗಡಿಯಲ್ಲಿ ಎರಡು ಕಾಲಿನ ಮೇಲೆ ನಿಂತಿದ್ದವನು ಈಗ ಮಧುಕರ ಒಬ್ಬನೇ.

"ಮಾಲಕರ," ಪ್ರಮಿಳಾ ತಲೆ ಎತ್ತದೆ ಹೇಳಿದಳು, "ಹೆಂಗೂ ಕೈ ಖುಲ್ಲಾ ಅದಾವಲ್ರಿ, ಮ್ಯಾಲಿನ ಕಪಾಟಿನ್ಯಾಗಿಂದ ಆ ಹಸರ ಸೀರಿ ಇಳಸ್ರಿ."