ಕಾಮಾ ಆದ ಮೇಲೆ

"ಅರ್ಧಾ ಹೇಳಿ ನಿಂದರಬ್ಯಾಡ. 'ವೆನ್' ಅಂತ ಸುರು ಮಾಡಿದಿ ಅಂದ್ರ ಕಾಮಾ ಬಡಿ, ಮುಂದಿಂದು ಹೇಳು," ಎಂದರು ಅಮೀನಸಾಬ ಮಾಸ್ತರರು.

ಕಾಮಾ ಬಂದಲ್ಲಿ ಅವರ ಶಿಷ್ಯರು ಡೆಸ್ಕಿಗೆ ಅಂಗೈ ಬಡಿದು ಒಂದು ಉಸಿರು ನಿಲ್ಲಬೇಕು. ವಾಕ್ಯ ಪುಸ್ತಕದ್ದಲ್ಲ, ಸ್ವಂತ ಮನೆಯದಾಗಿರಬೇಕು. ನಗುವವರು ನಗಲಿ, ಖಾಸಬಾಗದ ಅವರ ಮನೆಯ ಪಡಸಾಲೆಯ ಟ್ಯೂಶನ್ನಿನಲ್ಲಿ ಕೂತೆದ್ದ ಎಂಥ ದಡ್ಡನೂ ಎಸ್ಸೆಸ್ಸೆಲ್ಸಿ ಇಂಗ್ಲಿಷನ್ನು ದಾಟುತ್ತಿದ್ದ.

ಎಂಬತ್ತೆರಡರ ಮಾರ್ಚಿನಲ್ಲಿ ನಪಾಸಾಗಿದ್ದ ರತ್ನಮಾಲಾಳನ್ನು ಅಪ್ಪ ಬಾಪುಸಾಹೇಬ ದೇಸೂರಿನಿಂದ ರೈಲಿನಲ್ಲಿ ತಾನೇ ಕರೆತರುತ್ತಿದ್ದ. ಪಾಠ ಮುಗಿಯುವತನಕ ಬಾಗಿಲ ಬಾಜು ಕುಳಿತಿರುತ್ತಿದ್ದ. ಅವನಿಗೆ ಇಂಗ್ಲಿಷಿನ ಗಂಧಗಾಳಿ ಇರಲಿಲ್ಲ.

"ಈ ಸಲ ಪಾಸ ಮಾಡಿಸಿ ಕೊಡ್ರಿ ಮಾಸ್ತರ. ಹಿರೇಮಗಳಂತೂ ಸ್ಟೋವ್ ಸಿಡದು ಹೋದಳು. ಆಕಿ ಗಂಡ, ಖಾನಾಪುರದ ಅಳಿಯಾ, ಈಗ ಇಕೀನ್ನ ಕೇಳ್ಯಾನ, ಆದ್ರ ಕಲತಾಕಿ ಬೇಕಂತಾನ. ನಂದಗಡದಾಗ ಗಿರಣಿ ಐತ್ರಿ ಅವರದು. ಅಂಥಾ ಮನೀನ ಬಿಡಾಕ ಬರತೈತೇನು? ಪರೀಕ್ಷಾ ಮುಗದ ಮ್ಯಾಲ ಲಗ್ನಾ ಮಾಡಿಬಿಡತೇವಿ."

ಅಯ್ಯೋ ಪಾಪ ಎಂದುಕೊಂಡು ಮಾಸ್ತರರು ಹುಡುಗಿಯತ್ತ ತಿರುಗಿದರು. "ಹೇಳವ್ವಾ."

ರತ್ನಮಾಲಾ ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳಿದಳು: "ಅಕ್ಕನ ಮನೆಯ ಸ್ಟೋವ್ ಸಿಡಿದಾಗ," ಡೆಸ್ಕಿಗೆ ಅಂಗೈ ಬಡಿದಳು, "ಅಡುಗೆಮನೆಗೆ ಹೊರಗಿನಿಂದ ಚಿಲಕ ಹಾಕಿತ್ತು."

ವಾಕ್ಯದಲ್ಲಿ ತಪ್ಪಿರಲಿಲ್ಲ. ನಿನಗೆ ಹೇಗೆ ಗೊತ್ತು ಎಂದು ಮಾಸ್ತರರೂ ಇಂಗ್ಲಿಷಿನಲ್ಲೇ ಕೇಳಿದರು.

ಈಗ ಅವಳು ಮುಖ್ಯ ಮಾತನ್ನು ಮೊದಲಿಟ್ಟಳು. ಹಾಗೆ ತಿರುಗಿಸಿದರೆ ಕಾಮಾ ಬೇಡವೆಂದು ನಿನ್ನೆಯಷ್ಟೇ ಕಲಿತಿದ್ದಳು. "ಚಿಲಕ ನಾನು ತೆಗೆದೆ ಭಾವ ಹೊರಗೆ ಹೋದ ಮೇಲೆ." ಎಲ್ಲೂ ನಿಲ್ಲಲಿಲ್ಲ.

ಬಾಪುಸಾಹೇಬನ ಮುಖ ಅರಳಿತ್ತು. ಮಗಳು ತಡವರಿಸದೆ ಇಂಗ್ಲಿಷ್ ಆಡುತ್ತಿದ್ದಳಲ್ಲ. "ಏನಂದಳ್ರೀ ಮಾಸ್ತರ?"

ಏನೋ ಒಂದು ಹೇಳಿ ತೇಲಿಸಿಬಿಡಬಹುದಿತ್ತು. ಆದರೆ ಹುಡುಗಿ ಅವರನ್ನೇ ನೋಡುತ್ತಿದ್ದಳು. ಅಪ್ಪನ ಮುಂದೆ ತಾನು ಆಡಲಾರದ ಮಾತನ್ನು ತಮ್ಮ ಬಾಯಿಂದ ಆಡಿಸುತ್ತಿದ್ದಾಳೆ ಎಂದು ಮಾಸ್ತರರಿಗೆ ತಿಳಿಯಿತು. ಎರಡೂ ವಾಕ್ಯಗಳನ್ನು ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದರು.

ಬಾಪುಸಾಹೇಬ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಮಗಳ ಕಡೆ ನೋಡಲಿಲ್ಲ.

"ಅದು ನನಗ ಗೊತ್ತೈತ್ರಿ," ಎಂದ. "ಇಂಗ್ಲಿಷ್ ಬರೋಬರಿ ಐತೇನು, ಅಷ್ಟ ಹೇಳ್ರಿ."