ಮೂರನೆಯ ದಿನದ ಉಬ್ಬು

"ಬಂತು! ಬಂತು ಅಣ್ಣಾ, ನೋಡಿ!" ಎಂದು ವಿಜ್ಞಾನಿ ಕುರ್ಚಿಯಿಂದ ಜಿಗಿದೇಬಿಟ್ಟಳು. ಕಂಪ್ಯೂಟರಿನ ಚಪ್ಪಟೆ ಗೆರೆಯ ಮೇಲೆ ಸಾಸಿವೆಯಷ್ಟು ಉಬ್ಬು ಎದ್ದಿತ್ತು.

ಫಿಟ್ಟರ್ ಸ್ಪ್ಯಾನರ್ ಕೆಳಗಿಟ್ಟು ನೋಡಿದ. ಮುಂಗೋಪಿಯೆಂದು ಇಡೀ ರಿಯಾಕ್ಟರ್ ಕಟ್ಟಡವೇ ಅವನಿಂದ ಒಂದು ಮಾರು ದೂರ. ಈ ಹುಡುಗಿಯ ಮೇಲೆ ಮಾತ್ರ ಅವನು ಒಮ್ಮೆಯೂ ರೇಗಿರಲಿಲ್ಲ. ಕಡಲೆಕಾಳಿನಷ್ಟು ಕಪ್ಪು ಹರಳು ಬೆಳೆಸಲು ಎರಡು ವರ್ಷ ಕುಲುಮೆ ಕಾದವಳು. ಭಾರೀ ಶೀತದಲ್ಲಿ ಆ ಹರಳು ವಿದ್ಯುತ್ತನ್ನು ತಡೆಯೇ ಇಲ್ಲದೆ ಹರಿಸುತ್ತದೆ. ಆಗ ಅದರೊಳಗೆ ಅಯಸ್ಕಾಂತದ ಗುಣವೂ ಇರುತ್ತದೆಯೇ ಎಂಬುದು ಅವಳ ಪ್ರಶ್ನೆ. ರಿಯಾಕ್ಟರಿನಿಂದ ಬರುವ ನ್ಯೂಟ್ರಾನ್ ಕಣಗಳನ್ನು ಹರಳಿಗೆ ಹೊಡೆದು, ಅವು ಚದುರುವ ದಿಕ್ಕು ನೋಡಿ ಅದನ್ನು ತಿಳಿಯಬೇಕು. ಗೆರೆ ಉಬ್ಬಿದರೆ ಆ ಗುಣ ಇದೆ ಎಂದರ್ಥ. ಸಿಕ್ಕಿದ್ದು ಮೂರೇ ದಿನ. ಇವತ್ತು ಕಡೆಯದು.

"ಎಷ್ಟು ಡಿಗ್ರಿಗೆ ಬಂತು ಮೇಡಂ?"

"ಸೊನ್ನೆಗಿಂತ ಇನ್ನೂರೈವತ್ತು ಕೆಳಗೆ. ಯಾಕಣ್ಣ? ಹರಳಿನ ಡಬ್ಬಿ ಮುಚ್ಚೋವಾಗ ಗಾಳಿ ತೆಗೆದು ಹೀಲಿಯಂ ತುಂಬಿದ್ರಿ ತಾನೆ?"

"ಮೂವತ್ತು ವರ್ಷದಿಂದ ಇದೇ ಕೆಲ್ಸ ಮಾಡ್ತಿರೋನು. ನನ್ನೇ ಕೇಳ್ತೀರಾ?"

"ಅಯ್ಯೋ, ತಪ್ಪಾಯ್ತು ಬಿಡಿ. ನೀವು ಮುಚ್ಚಿದ್ಮೇಲೆ ಮುಗೀತು." ಅವಳು ತನ್ನ ಗುರುಗಳಿಗೆ ಸುದ್ದಿ ಹೇಳಲು ಫೋನ್ ಎತ್ತಿಕೊಂಡಳು.

ಕಪಾಳಕ್ಕೆ ಬಿಗಿದ ಹಾಗಾಯಿತು ಅವನಿಗೆ. ಹೀಲಿಯಂ ಸಿಲಿಂಡರ್ ಕೊಡಲು ಸತಾಯಿಸಿದ ಸ್ಟೋರ್‌ಕೀಪರ್ ಜೊತೆ ಜಗಳವಾಡಿ, ಆ ಸಿಟ್ಟಿನಲ್ಲೇ ಡಬ್ಬಿಯನ್ನು ಹಾಗೇ ಮುಚ್ಚಿದ್ದ. ಒಳಗುಳಿದ ಗಾಳಿಯ ಆಮ್ಲಜನಕ ಆ ಚಳಿಗೆ ಗಟ್ಟಿಯಾಗಿ, ತಾನೇ ಅಯಸ್ಕಾಂತದಂತೆ ಆಡುತ್ತದೆ. ಇಂಥದೇ ಉಬ್ಬನ್ನು ಅವನು ಹಿಂದೊಮ್ಮೆ ಕಂಡಿದ್ದ.

"ಫೋನ್ ಇಡಿ ಮೇಡಂ. ಹೀಲಿಯಂ ತುಂಬಿಲ್ಲ. ನೀವು ಕೇಳಿದಾಗ ಬಾಯಿ ಜೋರು ಮಾಡಿ ವಿಷಯ ಮುಚ್ಚಿಟ್ಟೆ. ಅದು ನಿಮ್ಮ ಹರಳಲ್ಲ, ಬರೀ ಗಾಳಿ."

ಅವಳ ಮುಖ ಬಿಳಿಚಿಕೊಂಡಿತು. ಬೈಗುಳ ಈಗ ಬಂತು, ಈಗ ಬಂತು ಎಂದು ಅವನು ತಲೆ ತಗ್ಗಿಸಿ ನಿಂತ. ಅವಳು ಗಡಿಯಾರ ನೋಡಿದಳು.

"ಹನ್ನೊಂದು ಗಂಟೆ ಉಳಿದಿದೆ. ಬಿಚ್ಚಿ, ತುಂಬಿ, ಮತ್ತೆ ತಣ್ಣಗೆ ಮಾಡೋಕೆ ಎಷ್ಟು ಬೇಕು?"

"ಎಂಟು."

"ಮತ್ತೆ ಕಂಬದ ಹಾಗೆ ನಿಂತಿದೀರಲ್ಲ!"

ಎಂಟು ಗಂಟೆ ಕಳೆದ ಮೇಲೆ ಗೆರೆ ಚಪ್ಪಟೆಯಾಗಿ ಮಲಗಿತ್ತು. ಉಬ್ಬಿನ ಸುಳಿವೇ ಇಲ್ಲ. ಎರಡು ಸಲ ಅಳೆದು ನೋಡಿ, ಅವಳು ಗುರುಗಳಿಗೆ ಫೋನ್ ಮಾಡಿದಳು.

"ಸಾರ್, ನಮ್ಮ ಹರಳಲ್ಲಿ ಅಯಸ್ಕಾಂತದ ಗುಣ ಕಾಣ್ಲಿಲ್ಲ. ಮೊದಲು ಒಂದು ಉಬ್ಬು ಕಂಡಿತ್ತು, ಅದು ಡಬ್ಬೀಲಿ ಉಳಿದಿದ್ದ ಗಾಳೀದು."

"ಅಬ್ಬಾ! ಅದನ್ನೇ ಪ್ರಬಂಧ ಅಂತ ಬರೆದು ಕಳಿಸಿದ್ರೆ ಮಾನ ಹೋಗ್ತಿತ್ತು. ಪತ್ತೆ ಹಚ್ಚಿದ್ದು ಯಾರಮ್ಮಾ?"

"ಫಿಟ್ಟರಣ್ಣ."

ಅವಳು ಫೋನ್ ಇಟ್ಟ ಮೇಲೆ ಫಿಟ್ಟರ್ ಗಂಟಲು ಸರಿಮಾಡಿಕೊಂಡ.

"ಡಬ್ಬೀಲಿ ಗಾಳಿ ಉಳಿಸಿದ್ದು ಯಾರು ಅಂತ ಹೇಳ್ಲೇ ಇಲ್ವಲ್ಲ ಮೇಡಂ?"

"ಅವರು ಅದನ್ನ ಕೇಳ್ಲಿಲ್ಲ."